ಬಿಲ್ಲಿಗೆ ರಾಟೆ ಬಂದ ಮೇಲೆ ಬದಲಾಗಿದ್ದೇನು?

2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಒಂದು ತೀರ್ಮಾನ ತೆಗೆದುಕೊಂಡಿತು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ತುದಿಗಳಿಗೆ ರಾಟೆ ಇರುವ ಕಾಂಪೌಂಡ್ ಬಿಲ್ಲಿನ ಮಿಶ್ರ ತಂಡ ಸ್ಪರ್ಧೆಯೂ ಇರುತ್ತದೆ. 1972ರಲ್ಲಿ ಮ್ಯೂನಿಕ್‌ನಲ್ಲಿ ಬಿಲ್ಲುಗಾರಿಕೆ ಒಲಿಂಪಿಕ್ಸ್‌ಗೆ ಮರಳಿದಾಗಿನಿಂದ ಅಲ್ಲಿ ರಾಟೆ ಇಲ್ಲದ, ತುದಿ ಬಾಗಿದ ರಿಕರ್ವ್ ಬಿಲ್ಲಿನದೇ ರಾಜ್ಯಭಾರ. ಬೇರೆ ಬಗೆಯ ಬಿಲ್ಲು ಒಳಗೆ ಬರುತ್ತಿರುವುದು ಇದೇ ಮೊದಲು.

ನಮಗಂತೂ ಇದು ದೊಡ್ಡ ಸುದ್ದಿ. ಭಾರತ 1988ರಿಂದ ಒಲಿಂಪಿಕ್ಸ್ ಬಿಲ್ಲುಗಾರಿಕೆಯಲ್ಲಿ ಆಡುತ್ತಿದೆ, ಇನ್ನೂ ಒಂದು ಪದಕ ಬಂದಿಲ್ಲ. 2024ರ ಪ್ಯಾರಿಸ್‌ನಲ್ಲಿ ಧೀರಜ್ ಬೊಮ್ಮದೇವರ ಮತ್ತು ಅಂಕಿತಾ ಭಕತ್ ನಾಲ್ಕನೇ ಸ್ಥಾನದವರೆಗೆ ಬಂದು ನಿಂತರು. ಆದರೆ ಕಾಂಪೌಂಡ್‌ನಲ್ಲಿ ನಮ್ಮ ಕಥೆಯೇ ಬೇರೆ. 2023ರಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಭಾರತಕ್ಕೆ ಮೊಟ್ಟಮೊದಲ ಚಿನ್ನ ತಂದದ್ದು ಕಾಂಪೌಂಡ್ ಮಹಿಳಾ ತಂಡ. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡ್‌ನ 5 ಚಿನ್ನಗಳೂ ನಮ್ಮ ಪಾಲಾದವು.

ಈ ಸಂತೋಷದ ಜೊತೆಗೇ ಒಂದು ಹಳೆಯ ತಕರಾರು ಮತ್ತೆ ಎದ್ದಿದೆ. ‘ಅದು ಬಿಲ್ಲೇ ಅಲ್ಲ, ಯಂತ್ರ. ರಾಟೆ ಎಳೆಯುತ್ತದೆ, ಭೂತಗನ್ನಡಿ ಗುರಿ ತೋರಿಸುತ್ತದೆ, ಗುಂಡಿ ಒತ್ತಿದರೆ ಬಾಣ ಹೋಗುತ್ತದೆ. ಮನುಷ್ಯನ ಕೆಲಸ ಏನು?’

ಈ ತಕರಾರು ಬಿಲ್ಲುಗಾರಿಕೆಯ ಚರಿತ್ರೆಯನ್ನೇ ಮರೆತಿದೆ ಅನ್ನುವುದು ನನ್ನ ಅಭಿಪ್ರಾಯ. ಬಿಲ್ಲು ಸುಧಾರಿಸಿದಾಗಲೆಲ್ಲ ಒಂದು ಕಷ್ಟ ಕಡಿಮೆಯಾಗಿದೆ, ಅದರ ಹಿಂದೆ ಅಡಗಿದ್ದ ಇನ್ನೊಂದು ಕಷ್ಟ ಮುಂದಕ್ಕೆ ಬಂದಿದೆ. ನಾವು ತಲೆ ಕೆಡಿಸಿಕೊಳ್ಳಬೇಕಾದ ಪ್ರಶ್ನೆ ಬೇರೆ ಇದೆ: ಸುಧಾರಿಸಿದ ಬಿಲ್ಲು ಯಾರ ಕೈಗೆ ಸಿಗುತ್ತಿದೆ, ಯಾರಿಗೆ ಸಿಗುತ್ತಿಲ್ಲ? ಅಲ್ಲಿಗೆ ಹೋಗುವ ಮುಂಚೆ ಬಿಲ್ಲಿನ ಒಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ.

ಚಿಕ್ಕಂದಿನಲ್ಲಿ ಬಿದಿರಿನ ಸೀಳಿಗೆ ಹುರಿ ಕಟ್ಟಿ ಬಿಲ್ಲು ಮಾಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಎಳೆದಷ್ಟೂ ಬಿಲ್ಲು ಗಟ್ಟಿಯಾಗುತ್ತದೆ. ಹೆದೆ ಗಲ್ಲದ ಹತ್ತಿರ ಬಂದಾಗ ಭಾರ ಅತಿ ಜಾಸ್ತಿ. ಸರಿಯಾಗಿ ಆ ಹೊತ್ತಿನಲ್ಲೇ ಉಸಿರು ಹಿಡಿದು, ಅಲುಗಾಡದೆ ಗುರಿ ನೋಡಬೇಕು. ತೋಳು ನಡುಗುತ್ತದೆ, ಬಾಣ ಎಲ್ಲೋ ಹೋಗುತ್ತದೆ. ಇವತ್ತು ಒಲಿಂಪಿಕ್ಸ್‌ನಲ್ಲಿ ರಿಕರ್ವ್ ಹಿಡಿಯುವ ಪುರುಷರು 20 ಕಿಲೋಗೂ ಜಾಸ್ತಿ ಎಳೆತದ ಬಿಲ್ಲನ್ನು ಹೀಗೇ ಹಿಡಿದು ನಿಲ್ಲುತ್ತಾರೆ. ಅರ್ಹತಾ ಸುತ್ತಿನಲ್ಲೇ 72 ಬಾಣ.

ಬಿಲ್ಲು ಅಂದರೆ ಶಕ್ತಿಯನ್ನು ನಿಧಾನವಾಗಿ ತುಂಬಿ, ಒಮ್ಮೆಲೇ ಖಾಲಿ ಮಾಡುವ ಉಪಾಯ. ಎಷ್ಟು ತುಂಬಬಹುದು ಅನ್ನುವುದು ಕೊನೆಯಲ್ಲಿ ಎಷ್ಟು ಭಾರ ಬಿತ್ತು ಅನ್ನುವುದರ ಮೇಲೆ ಮಾತ್ರ ನಿಂತಿಲ್ಲ. ಎಳೆತದ ಉದ್ದಕ್ಕೂ ಎಷ್ಟು ಭಾರ ಇತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಸಾವಿರಾರು ವರ್ಷ ಬಿಲ್ಲು ಮಾಡುವವರು ಗುದ್ದಾಡಿದ್ದು ಇದರ ಜೊತೆಗೇ. ಬಿಲ್ಲುಗಾರನ ಕಡೆಗಿರುವ ಹೊಟ್ಟೆ ಭಾಗಕ್ಕೆ ಪ್ರಾಣಿಯ ಕೊಂಬು, ಆಚೆ ಬದಿಯ ಬೆನ್ನಿಗೆ ಸ್ನಾಯುವಿನ ನಾರು, ನಡುವೆ ಮರ, ಇಷ್ಟನ್ನೂ ಅಂಟಿನಿಂದ ಕೂಡಿಸಿ ತುದಿಗಳನ್ನು ಹಿಂದಕ್ಕೆ ಬಾಗಿಸಿದರು. ಕೊಂಬು ಒತ್ತಡ ತಡೆಯುತ್ತದೆ, ನಾರು ಎಳೆತ ತಡೆಯುತ್ತದೆ. ಹಿಂದಕ್ಕೆ ಬಾಗಿದ ತುದಿಯಿಂದ ಎಳೆತದ ಶುರುವಿನಲ್ಲೇ ಬಿಲ್ಲು ಬಿಗಿಯಾಗಿ ಸಿಗುತ್ತದೆ. ತುರ್ಕರ, ಮಂಗೋಲರ ಬಿಲ್ಲುಗಳು ಹೀಗಿದ್ದವು. ಇವತ್ತಿನ ರಿಕರ್ವ್ ಅನ್ನುವ ಹೆಸರೂ ಆ ಬಾಗಿನಿಂದಲೇ ಬಂದದ್ದು. ನಮ್ಮ ದೇಶದ ತೇವದ ಹವೆಗೆ ಈ ಅಂಟು ಅಷ್ಟು ತಾಳಿಕೆ ಬರುತ್ತಿರಲಿಲ್ಲ. ಉಕ್ಕಿನ ಬಿಲ್ಲುಗಳೂ ಇಲ್ಲಿ ಬಳಕೆಗೆ ಬಂದವು. ಅವುಗಳ ಬಾಣ ಅಷ್ಟು ವೇಗವಾಗಿ ಹೋಗುವುದಿಲ್ಲ, ಆದರೆ ಆಯುಧ ಶಾಲೆಯಲ್ಲಿ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಬೇರೆ ಬೇರೆ ಊರಿನ ಹವೆ ಬೇರೆ ಬೇರೆ ಬಿಲ್ಲನ್ನು ಕೇಳುತ್ತದೆ, ಅಲ್ವಾ?

ಅಳತೆ ಮಾಡಿ ಬಿಲ್ಲು ತಿದ್ದುವ ಕೆಲಸ ಜೋರಾಗಿ ಶುರುವಾದದ್ದು 1930ರ ದಶಕದ ಅಮೆರಿಕದಲ್ಲಿ. ಕ್ಲಾರೆನ್ಸ್ ಹಿಕ್‌ಮನ್ ಎಂಬ ಭೌತವಿಜ್ಞಾನಿ ಬೆಲ್ ಪ್ರಯೋಗಾಲಯದಲ್ಲಿದ್ದರು. ಅದಕ್ಕೂ ಮುಂಚೆ ರಾಬರ್ಟ್ ಗೊಡಾರ್ಡ್ ಜೊತೆ ರಾಕೆಟ್ ಕೆಲಸ ಮಾಡಿದವರು. ಅವರಿಗೆ ಬಿಲ್ಲಿನ ಹುಚ್ಚು. ಇಂಗ್ಲಿಷರ ಉದ್ದ ಬಿಲ್ಲಿನ ದಪ್ಪ ದುಂಡು ಆಕಾರದಲ್ಲಿ ಬಹಳ ಶಕ್ತಿ ಸುಮ್ನೆ ಪೋಲಾಗುತ್ತದೆ, ಬಿಲ್ಲಿನ ತೋಳುಗಳು, ಅಂದರೆ ಹಿಡಿಯ ಮೇಲೆ ಕೆಳಗೆ ಬಾಗುವ ಭಾಗಗಳು, ಚಪ್ಪಟೆ ಪಟ್ಟಿಯ ಹಾಗಿದ್ದರೇ ಒಳ್ಳೆಯದು ಅಂತ ಅವರು ಲೆಕ್ಕ ಹಾಕಿ ತೋರಿಸಿದರು. ಸಂಪ್ರದಾಯದವರಿಗೆ ಆಗಲೂ ಬೇಸರವಾಗಿತ್ತು. ಇವತ್ತು ಚಪ್ಪಟೆ ತೋಳನ್ನು ಯಾರೂ ಯಂತ್ರ ಅನ್ನುವುದಿಲ್ಲ.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ವಿಜ್ಞಾನಿಯಲ್ಲ. ಮಿಸೌರಿ ರಾಜ್ಯದ ಹಾಲಿಸ್ ವಿಲ್ಬರ್ ಅಲೆನ್ ಒಬ್ಬ ಬೇಟೆಗಾರ. ಬಿಲ್ಲಿನ ವೇಗ ಅವರಿಗೆ ಸಾಲುತ್ತಿರಲಿಲ್ಲ. ಒಂದು ರಿಕರ್ವ್ ಬಿಲ್ಲಿನ ತುದಿಗಳನ್ನು ಗರಗಸದಿಂದ ಕತ್ತರಿಸಿ ಅಲ್ಲಿಗೆ ರಾಟೆ ಕೂರಿಸಿದರು. 1966ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1969ರ ಡಿಸೆಂಬರ್‌ನಲ್ಲಿ ಅದು ಕೈಗೆ ಬಂತು. ಟಾಮ್ ಜೆನಿಂಗ್ಸ್ ಎಂಬ ಬಿಲ್ಲು ತಯಾರಕರು ಅವರಿಂದ ಅನುಮತಿ ಪಡೆದು ಮಾರುಕಟ್ಟೆಗೆ ತಂದರು.

ಈ ರಾಟೆಯಲ್ಲೇ ಎಲ್ಲ ಗುಟ್ಟು ಇರುವುದು. ಬಾವಿಯ ರಾಟೆಯ ತೂತು ಸರಿಯಾಗಿ ನಡುವೆ ಇರುತ್ತದೆ. ಅಲೆನ್ ತೂತನ್ನು ಒಂದು ಪಕ್ಕಕ್ಕೆ ಸರಿಸಿದರು. ಹಾಗಾಗಿ ರಾಟೆ ತಿರುಗುತ್ತಾ ಹೋದಂತೆ ಸನ್ನೆಕೋಲಿನ ಉದ್ದ ಬದಲಾಗುತ್ತದೆ. ಎಳೆತದ ಶುರುವಿನಲ್ಲೇ ಭಾರ ಸರ್ರನೆ ಏರುತ್ತದೆ. ನಡುವೆ ಅದೇ ಮಟ್ಟದಲ್ಲಿ ನಿಲ್ಲುತ್ತದೆ. ಕೊನೆಗೆ ಬಂದಾಗ ತಟ್ಟನೆ ಇಳಿದುಬಿಡುತ್ತದೆ. ಬಿಲ್ಲಿನ ತೋಳು ಪೂರ್ತಿ ಬಾಗಿರುತ್ತದೆ, ಶಕ್ತಿ ಪೂರ್ತಿ ತುಂಬಿರುತ್ತದೆ, ಕೈಗೆ ಮಾತ್ರ ಅಷ್ಟು ಭಾರ ಗೊತ್ತಾಗುವುದಿಲ್ಲ. ಈ ಇಳಿತಕ್ಕೆ ಬಿಲ್ಲುಗಾರರು ‘ಲೆಟ್ ಆಫ್’ ಅನ್ನುತ್ತಾರೆ. ಸ್ಪರ್ಧೆಯಲ್ಲಿ ಕಾಂಪೌಂಡ್‌ನ ಎಳೆತ 60 ಪೌಂಡ್, ಅಂದರೆ ಸುಮಾರು 27 ಕಿಲೋ ದಾಟುವಂತಿಲ್ಲ. ಲೆಟ್ ಆಫ್ ಶೇ 75 ಇದ್ದರೆ ಗುರಿ ನೋಡುವಾಗ ಕೈಮೇಲೆ ಉಳಿಯುವುದು 7 ಕಿಲೋ ಅಷ್ಟೇ. ಬಾಣ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ.

ಶಿವಧನುಸ್ಸನ್ನು ಎತ್ತಿ ಹೆದೆ ಏರಿಸುವುದೇ ಪರೀಕ್ಷೆ ಅಂತ ಕೇಳುತ್ತಾ ಬೆಳೆದವರು ನಾವು. ಭಾರ ಎಳೆಯುವ ತಾಕತ್ತೇ ಬಿಲ್ಲುಗಾರಿಕೆ ಅನ್ನುವ ಭಾವನೆ ಒಳಗೆಲ್ಲೋ ಕೂತಿದೆ. ‘ಯಂತ್ರ’ ಅನ್ನುವ ದೂರಿನ ಬೇರೂ ಬಹುಶಃ ಅಲ್ಲೇ ಇದೆ.

ಹಾಗಾದರೆ ಭಾರ ಹೋದ ಮೇಲೆ ಕಷ್ಟ ಎಲ್ಲಿಗೆ ಹೋಯಿತು? ಬರ್ಲಿನ್‌ನ 2023ರ ಪುರುಷರ ಫೈನಲ್ ನೋಡಿ. ಕಾಂಪೌಂಡ್‌ನವರು 50 ಮೀಟರ್ ದೂರದಿಂದ ಹೊಡೆಯುತ್ತಾರೆ. ಹತ್ತು ಅಂಕದ ವೃತ್ತದ ಅಗಲ 8 ಸೆಂಟಿಮೀಟರ್. ಚಹಾ ಕುಡಿಯುವ ಲೋಟದ ಬಾಯಿಗಿಂತ ಸ್ವಲ್ಪ ದೊಡ್ಡದು. ಒಬ್ಬೊಬ್ಬರಿಗೆ 15 ಬಾಣ, ಒಟ್ಟು ಅಂಕ ಜಾಸ್ತಿ ಬಂದವರು ಗೆದ್ದಂತೆ. ನಮ್ಮ ಓಜಸ್ ದೇವತಳೆ 15 ಬಾಣವನ್ನೂ ಹತ್ತಕ್ಕೇ ಹೊಡೆದು 150 ಗಳಿಸಿದರು. ಎದುರಾಳಿ, ಪೋಲೆಂಡ್‌ನ ಲುಕಾಸ್ ಪ್ಶಿಬಿಲ್ಸ್ಕಿ, ಗಳಿಸಿದ್ದು 149. ಒಂದೇ ಒಂದು ಬಾಣ ಒಂಬತ್ತಕ್ಕೆ ಹೋಯಿತು, ವಿಶ್ವ ಪಟ್ಟ ಕೈತಪ್ಪಿತು. ರಿಕರ್ವ್‌ನಲ್ಲಿ ಸೆಟ್ ಪದ್ಧತಿ ಇದೆ. ಒಂದು ಬಾಣ ಕೆಟ್ಟರೆ ಆ ಸೆಟ್ ಹೋಗುತ್ತದೆ, ಮುಂದಿನದ್ದು ಸೊನ್ನೆಯಿಂದ ಶುರು. ಕಾಂಪೌಂಡ್‌ನಲ್ಲಿ ಆ ಕ್ಷಮೆ ಇಲ್ಲ.

ಈ ಒತ್ತಡದ ಜೊತೆಗೇ ಬರುವ ಒಂದು ಕಾಯಿಲೆಯೇ ಇದೆ. ‘ಟಾರ್ಗೆಟ್ ಪ್ಯಾನಿಕ್’ ಅಂತ ಕರೆಯುತ್ತಾರೆ. ಗುರಿಯ ಚುಕ್ಕೆ ನಡುವೆ ಬಂದದ್ದೇ ತಡ, ಮನಸ್ಸು ‘ಈಗಲೇ’ ಅನ್ನುತ್ತದೆ, ಬೆರಳು ಗುಂಡಿಯನ್ನು ಕುಕ್ಕುತ್ತದೆ, ಬಾಣ ಜಾರುತ್ತದೆ. ವರ್ಷಗಟ್ಟಲೆ ಚೆನ್ನಾಗಿ ಹೊಡೆದವರೂ ಇದಕ್ಕೆ ಸಿಕ್ಕಿ ಆಟ ಬಿಟ್ಟದ್ದುಂಟು. ಇದಕ್ಕೂ ಉಪಕರಣದಲ್ಲೇ ಒಂದು ಮದ್ದು ಹುಡುಕಿದ್ದಾರೆ. ಹೆದೆಯನ್ನು ಹಿಡಿದು ಬಿಡುವ ಕೈ ಉಪಕರಣಕ್ಕೆ ರಿಲೀಸ್ ಅನ್ನುತ್ತಾರೆ. ಅದರ ಒಂದು ಬಗೆಯಲ್ಲಿ ಗುಂಡಿಯೇ ಇಲ್ಲ. ಬೆನ್ನಿನ ಸ್ನಾಯುಗಳನ್ನು ನಿಧಾನವಾಗಿ ಬಿಗಿಗೊಳಿಸುತ್ತಾ ಹೋದರೆ ಕೈಯಲ್ಲಿರುವ ರಿಲೀಸ್ ತುಸು ತುಸುವೇ ತಿರುಗಿ, ಯಾವುದೋ ಒಂದು ಕ್ಷಣದಲ್ಲಿ ತಾನಾಗೇ ಹೆದೆಯನ್ನು ಬಿಟ್ಟುಬಿಡುತ್ತದೆ. ಬಾಣ ಯಾವಾಗ ಹೋಗುತ್ತದೆ ಅಂತ ಹೊಡೆಯುವವರಿಗೇ ಖಚಿತವಾಗಿ ಗೊತ್ತಿರುವುದಿಲ್ಲ. ಮನಸ್ಸಿನ ಆತುರದಿಂದ ಬಾಣವನ್ನು ಕಾಪಾಡಲು ಕಟ್ಟಿದ ಉಪಕರಣ ಇದು. ನನಗೆ ಇದು ರಾಟೆಗಿಂತಲೂ ದೊಡ್ಡ ಶೋಧನೆ ಅನಿಸುತ್ತದೆ.

ರಿಕರ್ವ್ ಏನು ಸನ್ಯಾಸಿಯ ಬಿಲ್ಲಲ್ಲ. ಅದರ ಹಿಡಿ ವಿಮಾನಕ್ಕೆ ಬಳಸುವಂಥ ಅಲ್ಯೂಮಿನಿಯಂನದ್ದು, ತೋಳು ಕಾರ್ಬನ್ ನಾರು ಮತ್ತು ಫೋಮ್‌ನದ್ದು. ಹೆದೆ ಒಂದು ಕಾಲದಲ್ಲಿ ಲಿನನ್ ದಾರ, ಆಮೇಲೆ ಡೇಕ್ರಾನ್, ಈಗ ಹಿಗ್ಗದಂಥ ಡೈನೀಮಾ ನೂಲು. ಮುಂದಕ್ಕೆ ಚಾಚಿರುವ ಉದ್ದ ಕಡ್ಡಿ ಬಿಲ್ಲು ತಿರುಚಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ. ಅಂಥ ಸ್ಟೆಬಿಲೈಜರ್‌ಗಳನ್ನು ಅರ್ಲ್ ಹಾಯ್ಟ್ 1960ರ ದಶಕದ ಶುರುವಿನಲ್ಲಿ ತಂದರು. ಕ್ಲಿಕ್ಕರ್ ಅನ್ನುವ ಸಣ್ಣ ಪಟ್ಟಿ ಪ್ರತಿ ಸಲವೂ ಬಾಣ ಅಷ್ಟೇ ದೂರ ಎಳೆದಾಗ ‘ಕ್ಲಿಕ್’ ಅನ್ನುತ್ತದೆ. ಇದೆಲ್ಲವೂ ಮನುಷ್ಯನ ತಪ್ಪನ್ನು ತೆಗೆಯಲಿಕ್ಕೇ ಬಂದದ್ದು. ಗೆರೆ ಎಲ್ಲಿ ಎಳೆಯುವುದು ಅನ್ನುವುದು ಆಟ ನಡೆಸುವವರ ತೀರ್ಮಾನ. ಆ ಗೆರೆಗೆ ಪಾವಿತ್ರ್ಯ ಹಚ್ಚುವುದು ಬೇಡ.

ಬಾಣದ ಕಥೆ ಇನ್ನೂ ಸ್ವಾರಸ್ಯ. ಬೆರಳಿನಿಂದ ಹೆದೆ ಬಿಟ್ಟಾಗ ಅದು ನೇರವಾಗಿ ಮುಂದೆ ಹೋಗುವುದಿಲ್ಲ. ಬೆರಳನ್ನು ಬಳಸಿಕೊಂಡು ಪಕ್ಕಕ್ಕೆ ಸರಿಯುತ್ತದೆ. ಬಾಣ ಹಾವಿನ ಹಾಗೆ ಬಳುಕಿ, ಬಿಲ್ಲನ್ನು ಸುತ್ತಿಕೊಂಡೇ ದಾಟಿ, ಆಮೇಲೆ ನೇರವಾಗುತ್ತದೆ. ಹಿಕ್‌ಮನ್ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದಾಗ ಜನ ಬೆರಗಾದರು. ಅಂದರೆ ಬಾಣ ತೀರಾ ಗಟ್ಟಿಯಿದ್ದರೂ ಕಷ್ಟ, ತೀರಾ ಮೆದುವಾದರೂ ಕಷ್ಟ. ಬಿಲ್ಲಿನ ಎಳೆತಕ್ಕೆ ಸರಿಹೊಂದುವಷ್ಟು ಬಳುಕಬೇಕು. ಈ ಬಿಗುವಿಗೆ ‘ಸ್ಪೈನ್’ ಅನ್ನುತ್ತಾರೆ. ಮರದ ಬಾಣದಲ್ಲಿ ಒಂದರ ಹಾಗೆ ಇನ್ನೊಂದು ಇರುವುದು ಅಸಾಧ್ಯ. ಅದಕ್ಕೇ ಡಗ್ ಈಸ್ಟನ್ 1939ರಲ್ಲಿ ಅಲ್ಯೂಮಿನಿಯಂ ಕೊಳವೆಯ ಬಾಣ ಮಾಡಿದರು. ಅದೇ ಕಂಪನಿ ಆಮೇಲೆ ಅಲ್ಯೂಮಿನಿಯಂ ಕೊಳವೆಯ ಮೇಲೆ ಕಾರ್ಬನ್ ಸುತ್ತಿತು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಬಂದ ಅವರ ಎಕ್ಸ್10 ಬಾಣ ನಡುವೆ ತುಸು ದಪ್ಪ, ಎರಡೂ ತುದಿಗೆ ಸಣ್ಣ. ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ.

ಪ್ಯಾರಿಸ್‌ನ ಪುರುಷರ ಫೈನಲ್ ನೆನಪಿದೆಯೇ? ಕೊರಿಯಾದ ಕಿಮ್ ವೂಜಿನ್ ಮತ್ತು ಅಮೆರಿಕದ ಬ್ರಾಡಿ ಎಲಿಸನ್ ಸಮಬಲವಾಗಿ, ಒಂದೊಂದೇ ಬಾಣದ ತೀರ್ಪಿಗೆ ಬಂತು. ಇಬ್ಬರದೂ ಹತ್ತು. ಕಿಮ್ ಬಾಣ ಎಲಿಸನ್ ಬಾಣಕ್ಕಿಂತ 4.9 ಮಿಲಿಮೀಟರ್‌ನಷ್ಟು ನಡುವಿಗೆ ಹತ್ತಿರ ಇತ್ತು, ಚಿನ್ನ ಅವರಿಗೆ. 70 ಮೀಟರ್ ದೂರದಲ್ಲಿ 4.9 ಮಿಲಿಮೀಟರ್! ಕೊರಿಯನ್ನರು ಹ್ಯುಂಡೈ ಕಂಪನಿ ಮಾಡಿಕೊಟ್ಟ ಬಾಣ ಹೊಡೆಯುವ ಯಂತ್ರವನ್ನು ಯಾಕೆ ಬಳಸುತ್ತಾರೆ ಅಂತ ಇಲ್ಲಿ ಅರ್ಥವಾಗುತ್ತದೆ. ಆ ಯಂತ್ರ ಪ್ರತಿ ಬಾಣವನ್ನೂ ಒಂದೇ ಬಲದಿಂದ, ಒಂದೇ ಕೋನದಿಂದ ಹೊಡೆಯುತ್ತದೆ. ಗುಂಪಿನಿಂದ ಆಚೆ ಬಿದ್ದ ಬಾಣ ಪಂದ್ಯಕ್ಕೆ ಹೋಗುವುದಿಲ್ಲ. ಕೊರಿಯಾದ ಮಹಿಳಾ ತಂಡ 1988ರಿಂದ 2024ರವರೆಗೆ ಸತತ 10 ಒಲಿಂಪಿಕ್ ಚಿನ್ನ ಗೆದ್ದಿದ್ದರ ಹಿಂದೆ ಅಭ್ಯಾಸ ಇದೆ, ಆಯ್ಕೆಯ ಕಟ್ಟುನಿಟ್ಟು ಇದೆ, ಇಂಥ ಸಣ್ಣ ಶ್ರದ್ಧೆಯೂ ಇದೆ.

ಈಗ ಯಾರ ಕೈಗೆ ಅನ್ನುವ ಪ್ರಶ್ನೆಗೆ ಬರೋಣ. ಜಮ್ಮು ಕಾಶ್ಮೀರದ ಕಿಶ್ತ್‌ವಾಡದ ಶೀತಲ್ ದೇವಿಗೆ ಹುಟ್ಟಿನಿಂದ ತೋಳುಗಳಿಲ್ಲ. ಕೃತಕ ಕೈ ಹಾಕಿಸಲು ಆಗುತ್ತದಾ ಅಂತ ನೋಡಲು ಅವರನ್ನು ಬೆಂಗಳೂರಿಗೆ ಕರೆತಂದಿದ್ದರು. ಕೃತಕ ಕೈ ಅವರಿಗೆ ಹೊಂದಲಿಲ್ಲ. ಆದರೆ ದೇಹದ ಮೇಲ್ಭಾಗದ ಬಲ ಎಂಥದ್ದು ಅಂತ ಆಗ ಕಂಡುಬಂತು. ಆಮೇಲೆ ಕಟ್ರಾದಲ್ಲಿ ಬಿಲ್ಲು ಹಿಡಿದರು, ಕಾಲಿನಿಂದ. ಬಲಗಾಲಿನಲ್ಲಿ ಬಿಲ್ಲು ಹಿಡಿದು, ಭುಜಕ್ಕೆ ಕಟ್ಟಿದ ರಿಲೀಸ್‌ನಿಂದ ಹೆದೆ ಎಳೆದು, ದವಡೆಯ ಬಲದಿಂದ ಬಾಣ ಬಿಡುತ್ತಾರೆ. ಅಮೆರಿಕದ ಮ್ಯಾಟ್ ಸ್ಟಟ್ಜ್‌ಮನ್ ಇದೇ ಬಗೆಯಲ್ಲಿ 2012ರಲ್ಲೇ ಲಂಡನ್ ಪ್ಯಾರಾಲಿಂಪಿಕ್ಸ್ ಬೆಳ್ಳಿ ಗೆದ್ದಿದ್ದರು. ಶೀತಲ್ 17ನೇ ವಯಸ್ಸಿಗೆ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದರು. 2025ರಲ್ಲಿ ಕೊರಿಯಾದ ಗ್ವಾಂಗ್‌ಜುವಿನಲ್ಲಿ ಪ್ಯಾರಾ ವಿಶ್ವ ಚಾಂಪಿಯನ್ ಆದರು. ಅವರ ಕೈಗೆ, ಅಲ್ಲ, ಕಾಲಿಗೆ ಬಂದದ್ದು ಕಾಂಪೌಂಡ್ ಬಿಲ್ಲು. ರಾಟೆಯ ಲೆಟ್ ಆಫ್ ಇಲ್ಲದೆ, ರಿಲೀಸ್ ಇಲ್ಲದೆ ಹೀಗೆ ಗುರಿ ಹಿಡಿದು ಕೂರುವುದು ಎಷ್ಟು ಕಷ್ಟ ಅಂತ ಯೋಚಿಸಿ. ಯಂತ್ರ ಅಂತ ಮೂಗು ಮುರಿಯುವವರು ಒಮ್ಮೆ ಅವರು ಬಾಣ ಹೂಡುವುದನ್ನು ನೋಡಬೇಕು.

ಅದೇ ಉಪಕರಣ ಇನ್ನೊಂದು ಕಡೆ ಬಾಗಿಲು ಹಾಕಿಬಿಡುತ್ತದೆ. ನಮ್ಮ ದೇಶದಲ್ಲಿ ‘ಇಂಡಿಯನ್ ರೌಂಡ್’ ಅಂತ ಒಂದು ವಿಭಾಗ ಇದೆ. ಬಿದಿರಿನ ಬಿಲ್ಲು, 30 ಮತ್ತು 50 ಮೀಟರ್ ದೂರ. ಸಾವಿರಾರು ಮಕ್ಕಳು ಇಲ್ಲಿಂದಲೇ ಶುರು ಮಾಡುತ್ತಾರೆ. ರಾಂಚಿ ಬಳಿಯ ಆಟೋ ಚಾಲಕರ ಮಗಳು ದೀಪಿಕಾ ಕುಮಾರಿ ಶುರು ಮಾಡಿದ್ದೂ ಬಿದಿರಿನ ಬಿಲ್ಲಿನಿಂದಲೇ. ಇದು ನಿಜವಾಗಿ ದೊಡ್ಡ ಆಸ್ತಿ. ಆದರೆ ಬಿದಿರಿನಲ್ಲಿ ಪಳಗಿದ ಮಗು ಮುಂದಿನ ಮೆಟ್ಟಿಲು ಹತ್ತಬೇಕಾದರೆ ಒಮ್ಮೆಲೇ ಲಕ್ಷಗಳ ಮಾತು. ಮೇಲ್ಮಟ್ಟದ ಬಿಲ್ಲು, ಗುರಿಸಾಧನ, ಬಾಣ ಎಲ್ಲ ಸೇರಿದರೆ 2 ಲಕ್ಷ ದಾಟುವುದು ಮಾಮೂಲು. ಒಂದೊಂದು ಒಳ್ಳೆಯ ಬಾಣಕ್ಕೇ ಕೆಲವು ಸಾವಿರ. ಬಾಣದ ಹಿಂಬದಿಗೇ ಇನ್ನೊಂದು ಬಾಣ ಹೊಕ್ಕರೆ ನೋಡುವವರು ಚಪ್ಪಾಳೆ ತಟ್ಟುತ್ತಾರೆ. ಬಡ ಮನೆಯ ಹುಡುಗಿಗೆ ಎರಡು ಬಾಣ ಹೋಯಿತಲ್ಲ ಅನ್ನುವ ಸಂಕಟ.

ಬೆಲೆ ಒಂದೇ ಅಡ್ಡಿಯಲ್ಲ. ಕಾಂಪೌಂಡ್‌ನ ಹೆದೆ ಬದಲಿಸಬೇಕಾದರೆ ತೋಳುಗಳನ್ನು ಒತ್ತಿ ಹಿಡಿಯುವ ಪ್ರೆಸ್ ಬೇಕು. ಹತ್ತಿರದಲ್ಲಿ ಅದು ಇಲ್ಲದಿದ್ದರೆ ಹೆದೆ ಸವೆದ ದಿನ ಅಭ್ಯಾಸ ನಿಂತಂತೆ. ಕಾಗದದ ಹಾಳೆಯ ಮೂಲಕ ಬಾಣ ಹೊಡೆದು ಹರಿದ ಗುರುತು ನೋಡುವುದು, ಗರಿ ಇರುವ ಬಾಣ ಮತ್ತು ಗರಿ ಇಲ್ಲದ ಬಾಣ ಎರಡನ್ನೂ ಹೊಡೆದು ಎಲ್ಲಿ ಬೀಳುತ್ತವೆ ಅಂತ ಹೋಲಿಸುವುದು, ಇವು ಖರ್ಚಿಲ್ಲದ ವಿದ್ಯೆಗಳು. ಹೇಳಿಕೊಡುವವರು ಬೇಕು. ಇವು ಗೊತ್ತಿಲ್ಲದೆ ಮಗು ತನ್ನ ಕೈಯನ್ನೇ ಬೈದುಕೊಳ್ಳುತ್ತದೆ, ತಪ್ಪು ಬಾಣದ ಬಿಗುವಿನಲ್ಲಿರುತ್ತದೆ. ಆಟ ಬಿಟ್ಟ ಎಷ್ಟೋ ಮಕ್ಕಳಲ್ಲಿ ಇಂಥವರೂ ಇದ್ದಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಕೊರಿಯಾ ಇದನ್ನು ಹೇಗೆ ದಾಟಿತು? ಅವರ ತಂಡಕ್ಕೆ ತರಬೇತಿ ಕೊಟ್ಟಿದ್ದ ಪಾರ್ಕ್ ಕ್ಯುಂಗ್‌ರೇ 1993ರಲ್ಲಿ ವಿನ್ ಅಂಡ್ ವಿನ್ ಅನ್ನುವ ಬಿಲ್ಲಿನ ಕಂಪನಿ ಕಟ್ಟಿದರು. ಕಾರ್ಖಾನೆಯ ಜನ ಮತ್ತು ಬಿಲ್ಲುಗಾರರು ಒಂದೇ ಭಾಷೆ ಆಡುವವರು, ಒಂದೇ ದೇಶದಲ್ಲಿ ಇರುವವರು. ತೋಳು ಎಳೆಯುವಾಗ ಎಲ್ಲಿ ಬಿಗಿಯಾಯಿತು ಅಂತ ಇವರು ಹೇಳಿದರೆ ಅವರು ತಿದ್ದಿ ಕೊಡಬಲ್ಲರು. ಇವತ್ತು ಆ ಬಿಲ್ಲುಗಳು ಜಗತ್ತಿನ ಎಲ್ಲ ಕಡೆ ಇವೆ. ಇನ್ನೊಂದು ಪಾಠ ಅಮೆರಿಕದಿಂದ ಬಂತು. ರಿಕರ್ವ್‌ನ ಹಿಡಿಗೆ ತೋಳನ್ನು ಜೋಡಿಸುವ ಹಾಯ್ಟ್ ಕಂಪನಿಯ ವಿಧಾನ ಮುಂದೆ ಎಲ್ಲರೂ ಒಪ್ಪಿಕೊಂಡ ಮಾದರಿಯಾಯಿತು. ಒಬ್ಬರ ಹಿಡಿಗೆ ಇನ್ನೊಬ್ಬರ ತೋಳು ಕೂರುತ್ತದೆ. ಮಗು ಬೆಳೆದ ಹಾಗೆ ತೋಳು ಬದಲಿಸಿದರೆ ಸಾಕು, ಇಡೀ ಬಿಲ್ಲು ಕೊಳ್ಳಬೇಕಿಲ್ಲ. ಬಡವರ ಪಾಲಿಗೆ ಬಿಲ್ಲುಗಾರಿಕೆಯಲ್ಲಿ ಆದ ಅತಿ ಒಳ್ಳೆಯ ಸುಧಾರಣೆ ಇದೇ ಅಂತ ನಾನು ನಂಬಿದ್ದೇನೆ. ಇದರ ಬಗ್ಗೆ ಮಾತಾಡುವವರು ಕಡಿಮೆ.

ನಮ್ಮಲ್ಲಿ ಕೈಗೂಡದ ಕೆಲಸವೇ ಇದು? ರಿಕರ್ವ್‌ನ ಹಿಡಿ ಅಂದರೆ ಅಲ್ಯೂಮಿನಿಯಂ ಗಟ್ಟಿಯನ್ನು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರದಲ್ಲಿ ಕೊರೆದು ಮಾಡಿದ ಒಂದು ಭಾಗ. ಬೆಂಗಳೂರಿನ ಪೀಣ್ಯದಲ್ಲಿ ಅಂಥ ಯಂತ್ರಗಳು ಬೀದಿಗೊಂದು ಇವೆ. ಬೆಳಗಾವಿಯಲ್ಲಿ ವಿಮಾನದ ಬಿಡಿಭಾಗಗಳನ್ನೇ ಮಾಡುತ್ತಾರೆ. ಕಾರ್ಬನ್ ನಾರಿನ ಕೆಲಸದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ಗೆ ದಶಕಗಳ ಅನುಭವ ಇದೆ, ತೇಜಸ್ ಯುದ್ಧವಿಮಾನದ ಭಾಗಗಳಲ್ಲಿ ಅದು ಕಾಣುತ್ತದೆ. ಹಾಗಂತ ನಾಳೆಯೇ ಒಲಿಂಪಿಕ್ಸ್ ಮಟ್ಟದ ಕಾಂಪೌಂಡ್ ಮಾಡಿಬಿಡುತ್ತೇವೆ ಅಂತ ನಾನು ಹೇಳುತ್ತಿಲ್ಲ. ತೋಳುಗಳನ್ನು ಸಾವಿರ ಸಲ ಬಾಗಿಸಿದರೂ ಒಂದೇ ಹಾಗೆ ಹಿಂದಿರುಗುವಂತೆ ಮಾಡುವುದಕ್ಕೆ ವರ್ಷಗಳ ತಾಳ್ಮೆ ಬೇಕು. ಬಿದಿರಿಗೂ ಲಕ್ಷದ ಬಿಲ್ಲಿಗೂ ನಡುವಿನ ಒಂದು ಮೆಟ್ಟಿಲನ್ನಾದರೂ ಮೊದಲು ಕಟ್ಟಬಹುದು. ಎಲ್ಲರ ಜೋಡಣೆಗೂ ಹೊಂದುವ ಗಟ್ಟಿಮುಟ್ಟಾದ ಒಂದು ಹಿಡಿ, ಮಕ್ಕಳ ಎಳೆತಕ್ಕೆ ತಕ್ಕ ತೋಳು, ಊರಲ್ಲೇ ಹೊಸೆದ ಹೆದೆ.

ಅದಕ್ಕೂ ಮುಂಚೆ ಮಾಡಬಹುದಾದ ಕೆಲಸ ಒಂದಿದೆ. ಬಾಣದ ಬಿಗುವು ಅಳೆಯುವ ಸಾಧನ. 28 ಅಂಗುಲ ದೂರದಲ್ಲಿ ಎರಡು ಆಸರೆ, ಅವುಗಳ ಮೇಲೆ ಬಾಣ, ನಡುವೆ ತೂಗುಬಿಟ್ಟ 880 ಗ್ರಾಂ ತೂಕ, ಬಾಣ ಎಷ್ಟು ಬಾಗಿತು ಅಂತ ತೋರಿಸಲು ಒಂದು ಡಯಲ್ ಗೇಜ್. ಅಷ್ಟೇ. ಯಾವುದೇ ಐಟಿಐ ಮಕ್ಕಳು ಒಂದು ವಾರದಲ್ಲಿ ಮಾಡಿಕೊಡಬಲ್ಲರು. ಬಾಣವನ್ನು ನಿಧಾನವಾಗಿ ಹೊರಳಿಸುತ್ತಾ ಮುಳ್ಳು ಎಷ್ಟು ಅಲುಗಿತು ಅಂತ ಬರೆದುಕೊಂಡರೆ, ಇರುವ ಒಂದು ಡಜನ್‌ನಲ್ಲಿ ಯಾವ ಮೂರನ್ನು ಪಂದ್ಯಕ್ಕೆ ಒಯ್ಯಬಾರದು ಅಂತ ಒಂದೇ ಸಂಜೆಯಲ್ಲಿ ಗೊತ್ತಾಗುತ್ತದೆ.